ಮಗು ಬೇಡ ಎಂದ ಹೆಂಡತಿ, ಹರಾಮ್ ಎಂದ ಗಂಡ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಿಕಾಹ್ ಆಗಿ ಕೆಲವು ವರ್ಷವಾಗಿದ್ದ ದಂಪತಿ ಸಲಹೆ ಕೇಳಿ ನನ್ನ ಬಳಿ ಬಂದಿದ್ದರು. ಆಕೆ ಗುಟ್ಟಾಗಿ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದುದು ಗಂಡನಿಗೆ ಗೊತ್ತಾಗಿತ್ತು. "ಇದು ಹರಾಮ್, ಧರ್ಮಕ್ಕೆ ನಿಷಿದ್ಧ" ಅಂತ ಆತ. "ನನ್ನ ದೇಹ, ನನ್ನ ಹಕ್ಕು" ಅಂತ ಆಕೆ. ಅತ್ತೆಯೂ ಜೊತೆಗೆ ಬಂದಿದ್ದರು. ಅವರನ್ನು ಹೊರಗೆ ಕೂರಲು ಹೇಳಿದೆ.

ಒಬ್ಬೊಬ್ಬರನ್ನೇ ಮಾತಾಡಿಸಿದೆ. ಆಕೆ ತಮ್ಮ-ತಂಗಿಯರನ್ನು ಎತ್ತಿ ಆಡಿಸಿ ಬೆಳೆಸಿದ ಹಿರಿಮಗಳು. ಮಕ್ಕಳೆಂದರೆ ಸಿಟ್ಟೇನಿಲ್ಲ, ತಾಯಿಯಾಗುವ ಆಸೆಯೇ ಇಲ್ಲ. ಗಂಡನಿಗೆ ಮಗು ಇಲ್ಲವೆಂಬುದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಆ ಗುಟ್ಟು.

ನಾನು ಮುಫ್ತಿಯಲ್ಲ, ಫತ್ವಾ ಅಂದರೆ ಧಾರ್ಮಿಕ ತೀರ್ಪು ಬೇಕಿದ್ದರೆ ಆಲಿಮರನ್ನು (ಧರ್ಮ ವಿದ್ವಾಂಸರನ್ನು) ಕೇಳಿ ಎಂದೇ ಶುರು ಮಾಡಿದೆ. ಆದರೆ ಹರಾಮ್ ಅನ್ನುವುದು ಅಷ್ಟು ಸಲೀಸಲ್ಲ. ಕುರ್‌ಆನ್ ಅವತರಿಸುತ್ತಿದ್ದ ಕಾಲದಲ್ಲೇ ನಾವು ಅಜ್ಲ್ ಮಾಡುತ್ತಿದ್ದೆವು ಎಂಬ ಪ್ರವಾದಿಯವರ ಸಂಗಾತಿ ಜಾಬಿರ್ ಅವರ ಮಾತು ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಗರ್ಭ ನಿಲ್ಲದಿರಲೆಂದು ವೀರ್ಯ ಒಳಗೆ ಹೋಗದಂತೆ ನೋಡಿಕೊಳ್ಳುವುದೇ ಅಜ್ಲ್. 1111ರಲ್ಲಿ ತೀರಿಕೊಂಡ ವಿದ್ವಾಂಸ ಇಮಾಂ ಗಝಾಲಿ ಕೂಡ ಇದನ್ನು ಒಪ್ಪಿದ್ದರು. ಹಾಗಂತ ಆಕೆಯದೇ ಗೆಲುವು ಎಂದಲ್ಲ. ಸಂತಾನವನ್ನು ಧರ್ಮ ಪ್ರೋತ್ಸಾಹಿಸುತ್ತದೆ. ವೈದ್ಯಕೀಯ ಕಾರಣವಿಲ್ಲದೆ ಸಂತಾನಹರಣ ಆಪರೇಷನ್ ಮಾಡಿಸಿಕೊಳ್ಳುವುದನ್ನು ಬಹಳಷ್ಟು ವಿದ್ವಾಂಸರು ಒಪ್ಪುವುದಿಲ್ಲ.

ಅಜ್ಲ್‌ಗೆ ಹೆಂಡತಿಯ ಒಪ್ಪಿಗೆ ಬೇಕು ಅನ್ನುವ ಫಕೀಹರು (ಧರ್ಮಶಾಸ್ತ್ರ ತಜ್ಞರು) ಅನೇಕರಿದ್ದಾರೆ. ಮಗುವಿನಲ್ಲಿ ಆಕೆಗೂ ಹಕ್ಕಿದೆ ಎಂಬುದು ಅವರ ವಾದ. ಆ ಲೆಕ್ಕ ಗಂಡನಿಗೂ ಅನ್ವಯಿಸಬೇಕು ಅಲ್ವಾ ಎಂದು ಆಕೆಯನ್ನು ಕೇಳಿದೆ. ಸುಮ್ಮನಾದರು.

ಮಾನವ ಹಕ್ಕಿನ ದಾರಿ ಇಲ್ಲಿ ಬೇರೆಯಾಗುತ್ತದೆ. ಎಷ್ಟು ಮಕ್ಕಳು, ಯಾವಾಗ ಎಂದು ತೀರ್ಮಾನಿಸುವ ಹಕ್ಕು ಗಂಡನಷ್ಟೇ ಹೆಂಡತಿಗೂ ಇದೆ ಅನ್ನುತ್ತದೆ ಮಹಿಳಾ ತಾರತಮ್ಯ ನಿವಾರಣೆಗಾಗಿ ವಿಶ್ವಸಂಸ್ಥೆ ಮಾಡಿದ 1979ರ ಒಪ್ಪಂದದ 16ನೇ ವಿಧಿ. ಅದರ ಸಮಿತಿ 1994ರಲ್ಲಿ ಇನ್ನೂ ಬಿಡಿಸಿ ಹೇಳಿತು: ಸಂಗಾತಿಯ ಜೊತೆ ಮಾತಾಡಿ ನಿರ್ಧರಿಸುವುದು ಒಳ್ಳೆಯದು, ಆದರೆ ಗಂಡನಾಗಲಿ, ಹೆತ್ತವರಾಗಲಿ, ಸರ್ಕಾರವಾಗಲಿ ತಡೆಯುವಂತಿಲ್ಲ. ಹಾಗಾಗಿ ಬಲವಂತದ ಬಸಿರು ಬೇಡವೇ ಬೇಡ ಎಂದು ಗಂಡನಿಗೆ ಖಡಾಖಂಡಿತ ಹೇಳಿದೆ. ಆತನಿಗೂ ಒಂದು ಹಕ್ಕಿದೆ. ನಿಜ ತಿಳಿದು ಈ ಮದುವೆಯಲ್ಲಿ ಇರುವುದು ಅಥವಾ ಬಿಡುವುದು.

"ಒಂದು ಹುಟ್ಟಲಿ, ಪ್ರೀತಿ ತಾನಾಗೇ ಬರುತ್ತೆ" ಎಂದು ಅತ್ತೆ ಹೇಳಿಕೊಂಡೇ ಬಂದಿದ್ದರಂತೆ. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಪ್ರೀತಿ ಬರದಿದ್ದರೆ ಬೆಲೆ ತೆರುವುದು ಮಗು. ಪ್ರವಾದಿಯವರ ಪತ್ನಿ ಆಯಿಶಾ ಅವರಿಗೂ ಮಕ್ಕಳಿರಲಿಲ್ಲ, ಅದರಿಂದ ಅವರ ಗೌರವ ಕಡಿಮೆಯಾಗಲಿಲ್ಲ ಎಂದು ತಾಯಿಗೆ ಹೇಳುವ ಕೆಲಸ ಮಗನಿಗೆ ಬಿಟ್ಟೆ.

ಮಾತ್ರೆ ಸದ್ಯಕ್ಕೆ ಮುಂದುವರಿಯಲಿ, ಆದರೆ ಮುಚ್ಚುಮರೆ ಬೇಡ. ಆಪರೇಷನ್ ಯೋಚನೆ ಈಗ ಬೇಡ. ತಲಾಖ್, ಖುಲಾದ (ಹೆಂಡತಿ ಕೇಳಿ ಪಡೆಯುವ ವಿಚ್ಛೇದನದ) ಮಾತನ್ನೂ ತೆರೆದೇ ಆಡಿ ಎಂದೆ. ಇಬ್ಬರೂ ಒಪ್ಪಿದರು. ಮುಂದಿನ ಭೇಟಿಗೆ ಅತ್ತೆ ಬರುವುದಿಲ್ಲ.