ಇಶ್‌ಚೆಲ್ ಎಂಬ ಮುದುಕಿ

ಪತ್ರ: ಮಗಳು ಮೆಕ್ಸಿಕೊದ ಮೆರಿಡಾದಲ್ಲಿದ್ದಾಳೆ, ಈಗ ಹೆಣ್ಣು ಮಗು ಆಗಿದೆ. ಅಲ್ಲಿನ ಗೆಳತಿಯ ಹೆಸರನ್ನೇ, ‘ಇಕ್ಸ್‌ಚೆಲ್’ ಅಂತ ಇಡುತ್ತಾಳಂತೆ. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಹೆಸರಂತೆ. ಇಂಟರ್ನೆಟ್ಟಲ್ಲಿ ‘ಸುಂದರ ಚಂದ್ರದೇವತೆ’ ಅಂತಿದೆ. ಸರಿಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಜ್ಜಿಯಾದಿರಿ, ಸಂತೋಷ ಅಮ್ಮಾ. ಮೊದಲು ಉಚ್ಚಾರ. ಅದು ಇಶ್‌ಚೆಲ್. 16ನೇ ಶತಮಾನದ ಸ್ಪೇನಿನವರು ‘ಶ’ ಸದ್ದಿಗೆ ಎಕ್ಸ್ ಬರೆಯುತ್ತಿದ್ದರು, ನಾವು ಇಂಗ್ಲಿಷಿನ ಹಾಗೆ ಓದುತ್ತೇವೆ. ಮೆರಿಡಾ ಇರುವ ಯುಕಟಾನ್ ಪ್ರದೇಶದ ಮಾಯಾ ಭಾಷೆಯಲ್ಲಿ ‘ಇಶ್’ ಹೆಣ್ಣಿನ ಹೆಸರಿನ ಮುಂದೆ ಬರುತ್ತದೆ, ‘ಚೆಲ್’ ಅಂದರೆ ಕಾಮನಬಿಲ್ಲು.

ಚಂದ್ರನ ಮಾತು ಪೂರ್ತಿ ಗಾಳಿಸುದ್ದಿಯಲ್ಲ, ಒಪ್ಪುತ್ತೇನೆ. ಎರಿಕ್ ಥಾಂಪ್ಸನ್‌ರಂಥ ದೊಡ್ಡ ವಿದ್ವಾಂಸರೇ ಹಾಗೆ ಬರೆದಿದ್ದರು. ಆದರೆ ಮಾಯಾ ಹಸ್ತಪ್ರತಿಗಳಲ್ಲಿ ಚಂದ್ರನ ಯುವತಿ ದೇವತೆ ಬೇರೆ, ಮುದುಕಿ ಇಶ್‌ಚೆಲ್ ಬೇರೆ. ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಮಾಯಾ ಹಸ್ತಪ್ರತಿಯ ಕೊನೆಗೆ ‘ಚಕ್ ಚೆಲ್’ ಇದ್ದಾಳೆ ನೋಡಿ, ಇವಳೇ ಇಶ್‌ಚೆಲ್ ಅಂತಾರೆ ವಿದ್ವಾಂಸರು, ತಲೆ ಮೇಲೆ ಹಾವು ಸುತ್ತಿಕೊಂಡು, ಕೊಡ ಬಗ್ಗಿಸಿ ನೀರು ಸುರಿಯುತ್ತಿರುವ ಮುದುಕಿ. ನನಗಂತೂ ಅವಳೇ ಇಷ್ಟ!

ಡಿಯೇಗೊ ದೆ ಲಾಂಡಾ ಎಂಬ ಪಾದ್ರಿ 1562ರಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದ. ಮುಂದೆ ಅದೇ ಮಹಾಶಯ ಬರೆದಿಟ್ಟಿದ್ದು ಏನು ಗೊತ್ತಾ? ಹೆರಿಗೆ ಮಾಡಿಸುವ ಹೆಂಗಸರು ಬಸುರಿಯ ಹಾಸಿಗೆ ಕೆಳಗೆ ಇಶ್‌ಚೆಲ್ ಮೂರ್ತಿ ಇಡುತ್ತಿದ್ದರಂತೆ. ಸಮುದ್ರ ದಾಟಿ ಕೋಸುಮೆಲ್ ದ್ವೀಪದ ಗುಡಿಗೆ ಜನ ಹರಕೆ ಹೊತ್ತು ಹೋಗುತ್ತಿದ್ದರು. ಸೂಲಗಿತ್ತಿಯರ ದೇವರು ಕಣ್ರೀ ಅವಳು! ಔಷಧಿಯೂ ಅವಳದೇ.

ಮಕ್ಕಳ ಹೆಸರು ಹುಡುಕಿಕೊಡುವ ಈ ವೆಬ್‌ಸೈಟುಗಳು ಒಬ್ಬರದ್ದನ್ನೊಬ್ಬರು ನಕಲು ಹೊಡೆಯುತ್ತವೆ, ಹೆಣ್ಣು ಮಗು ಅಂದರೆ ಚಂದ್ರ, ಹೂವು, ನಕ್ಷತ್ರ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಮುದುಕಿಯ ಸುಕ್ಕು ಅಳಿಸಿ ‘ಸುಂದರ’ ಅಂತ ಸೇರಿಸುತ್ತವೆ. ನಾವೇನು ಕಡಿಮೆಯಾ? ಪಾವಗಡದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಫೋಟೊ ಹಂಚಿದ್ದೇ ಹಂಚಿದ್ದು. ಮಗಳಿಗೆ ನರಸಮ್ಮ ಅಂತ ಹೆಸರಿಟ್ಟವರನ್ನು ನಾನು ನೋಡಿಲ್ಲ. ಇನ್ನು ಮಾಯಾ ಜನರ ನೆನಪು ನಮ್ಮ ಟಿವಿಗಳಿಗೆ ಬಂದದ್ದು 2012ರ ಡಿಸೆಂಬರಿನ ಪ್ರಳಯದ ಗುಲ್ಲಿಗೆ. ಅವರು ಎಂದೋ ಮಾಯವಾದರು ಅನ್ನುವ ಧಾಟಿ ಬೇರೆ! ನಿಮ್ಮ ಮಗಳಿರುವ ಮೆರಿಡಾದ ಸುತ್ತಲೇ ಮನೆಯಲ್ಲಿ ಮಾಯಾ ಮಾತಾಡುವ ಲಕ್ಷಾಂತರ ಜನ ಇದ್ದಾರೆ.

ಹೆಸರು ಇಡಲಿ, ಧಾರಾಳವಾಗಿ ಇಡಲಿ. ಸುಮ್ನೆ ಗೂಗಲ್ ಮಾಡುವ ಬದಲು ಆ ಗೆಳತಿಯ ಅಮ್ಮನನ್ನೋ ಅಜ್ಜಿಯನ್ನೋ ಮಾತಾಡಿಸಲು ಮಗಳಿಗೆ ಹೇಳಿ. ನಾಮಕರಣದ ಕಾರ್ಡಿನಲ್ಲಿ ಮಾತ್ರ ‘ಚಂದ್ರದೇವತೆ’ ಅಂತ ಅಚ್ಚು ಹಾಕಿಸಬೇಡಿ.