ಕೂದಲಿನ ಮಾತ್ರೆ ನುಂಗಿ ಥೈರಾಯ್ಡ್ ಟೆಸ್ಟ್ ಮಾಡಿಸಿದರೆ

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ, ಶಾಲೆಯಲ್ಲಿ ಟೀಚರ್. ಸುಸ್ತು, ಮಲಬದ್ಧತೆ, ಕೂದಲು ಉದುರುವುದು ಎಂದು ಬೇಸಿಗೆ ರಜೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ 7.2, ಫ್ರೀ ಟಿ4 ನಾರ್ಮಲ್. 'ಮೂರು ತಿಂಗಳು ಬಿಟ್ಟು ನೋಡೋಣ' ಅಂದರು. ಈ ನಡುವೆ ಮೆಡಿಕಲ್ ಶಾಪಿನವರು ಕೂದಲಿಗೆ ಎಂದು ಕೊಟ್ಟ 10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ದಿನವೂ ತೆಗೆದುಕೊಳ್ಳುತ್ತಿದ್ದೇನೆ. ಮೊನ್ನೆ ಬೇರೆ ಲ್ಯಾಬಿನಲ್ಲಿ ನೋಡಿದರೆ ಟಿಎಸ್‌ಎಚ್ 0.15, ಫ್ರೀ ಟಿ4 ಜಾಸ್ತಿ! 'ಹೈಪೋ (ಥೈರಾಯ್ಡ್ ಕಡಿಮೆ) ಹೋಗಿ ಹೈಪರ್ (ಥೈರಾಯ್ಡ್ ಜಾಸ್ತಿ) ಆಗಿದೆ' ಎಂದು ನಾದಿನಿ ಹೆದರಿಸಿದ್ದಾಳೆ. ಸುಸ್ತು ಮಾತ್ರ ಹಾಗೇ ಇದೆ.
– ಓದುಗರು, ಸಾಗರ

ಉತ್ತರ: ನೀವು ಮಾತ್ರೆಯ ಹೆಸರನ್ನೂ ಅಳತೆಯನ್ನೂ ಬರೆದದ್ದು ಬಹಳ ಒಳ್ಳೆಯದಾಯಿತು. ನನ್ನ ಅನುಮಾನವೆಲ್ಲ ಆ ಮಾತ್ರೆಯ ಮೇಲೇ.

ಮೊದಲು ಟಿಎಸ್‌ಎಚ್ ಅಂದರೇನು ನೋಡಿ. ಅದು ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. ಬೆಳಿಗ್ಗೆ ಏಳದ ಮಗನನ್ನು ಅಮ್ಮ ಅಡುಗೆಮನೆಯಿಂದ ಕೂಗುತ್ತಾಳಲ್ಲ, ಹಾಗೆ. ಏಳಲಿಲ್ಲ ಎಂದರೆ ದನಿ ಏರುತ್ತದೆ. ಥೈರಾಯ್ಡ್ ನಿಧಾನವಾದರೆ ಟಿಎಸ್‌ಎಚ್ ಏರುವುದು ಇದಕ್ಕೇ. ಸುಮಾರು 0.4ರಿಂದ 4.5ರವರೆಗೆ ಸಾಮಾನ್ಯ ಎನ್ನುತ್ತೇವೆ. ನಿಮ್ಮ 7.2 ಸ್ವಲ್ಪ ಎತ್ತರದ ದನಿ. ಆದರೆ ಥೈರಾಯ್ಡ್ ತಾನೇ ತಯಾರಿಸುವ ಹಾರ್ಮೋನ್ ಟಿ4 ಸರಿಯಿತ್ತು, ಅಂದರೆ ಮಗ ಎದ್ದು ಕೆಲಸ ಮಾಡುತ್ತಲೇ ಇದ್ದ. 10ರ ಒಳಗಿನ ಇಂಥ ಎಷ್ಟೋ ರಿಪೋರ್ಟುಗಳು ತಾವಾಗಿಯೇ ಸರಿಹೋಗುತ್ತವೆ. ಕಾಯಲು ಹೇಳಿದ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಪ್ರಯತ್ನಿಸುತ್ತಿದ್ದರೆ ಮಾತ್ರ ಕಾಯಬಾರದು.

ಈಗ ಎರಡನೇ ರಿಪೋರ್ಟು. ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ 30–40 ಮೈಕ್ರೋಗ್ರಾಂ. ನೀವು ನುಂಗುತ್ತಿರುವುದು ಅದರ ಕನಿಷ್ಠ 250 ಪಟ್ಟು. ಹಲವು ಲ್ಯಾಬಿನ ಯಂತ್ರಗಳು ಇದೇ ಬಯೋಟಿನ್ನನ್ನು ಅಂಟಿನ ಹಾಗೆ ಬಳಸಿ ಟಿಎಸ್‌ಎಚ್ಚನ್ನು ಹಿಡಿಯುತ್ತವೆ. ರಕ್ತದ ತುಂಬ ಮಾತ್ರೆಯ ಬಯೋಟಿನ್ ಇದ್ದರೆ ಅಂಟುವ ಜಾಗವನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ, ಟಿಎಸ್‌ಎಚ್ ತೊಳೆದುಹೋಗುತ್ತದೆ. ಯಂತ್ರ 'ಕಡಿಮೆ' ಎನ್ನುತ್ತದೆ. ಟಿ4 ಅಳೆಯುವ ಕ್ರಮ ತದ್ವಿರುದ್ಧ, ಅಲ್ಲಿ ಕಡಿಮೆ ಅಂಟಿದಷ್ಟೂ 'ಜಾಸ್ತಿ' ಎಂದು ಬರುತ್ತದೆ. ಕಾಗದದ ಮೇಲೆ ಥೇಟ್ ಹೈಪರ್!

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಅಡಿಕೆ ತೋಟದ ಮನೆಯ ಒಬ್ಬ ಗೃಹಿಣಿ ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯನ್ನು 75 ಮೈಕ್ರೋಗ್ರಾಂ ತೆಗೆದುಕೊಳ್ಳುತ್ತಿದ್ದರು. ಟಿಎಸ್‌ಎಚ್ 0.08 ಬಂತೆಂದು 50ಕ್ಕೆ ಇಳಿಸಿದೆ. ಎರಡು ತಿಂಗಳಿಗೆ ಬಂದಾಗ ಮುಖ ಊದಿಕೊಂಡಿತ್ತು, ದನಿ ಗೊಗ್ಗರಾಗಿತ್ತು, ರಿಪೋರ್ಟು ಮಾತ್ರ ಮತ್ತೆ 0.1. ಮುಖ ಒಂದು ಹೇಳುತ್ತಿದೆ, ಕಾಗದ ಇನ್ನೊಂದು. ಕನ್ನಡಕ ತೆಗೆಯಲು ಅವರು ಬ್ಯಾಗಿಗೆ ಕೈಹಾಕಿದಾಗ ಕೂದಲಿನ ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲೆ ಬಿತ್ತು. ಒಂದು ವಾರ ಅದನ್ನು ನಿಲ್ಲಿಸಿ ನೋಡಿದರೆ ಟಿಎಸ್‌ಎಚ್ 19. ಎರಡು ತಿಂಗಳು ಆ ತಾಯಿ ಅನುಭವಿಸಿದ ಸಂಕಟಕ್ಕೆ ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ ಕಾರಣ. ಈಗ ರಿಪೋರ್ಟು ನೋಡುವ ಮೊದಲೇ 'ಬೇರೆ ಏನೇನು ನುಂಗುತ್ತಿದ್ದೀರಿ?' ಎಂದು ಕೇಳುತ್ತೇನೆ.

ನೀವು ಬಯೋಟಿನ್ ನಿಲ್ಲಿಸಿ. ಕನಿಷ್ಠ ಎರಡು ದಿನದ ಅಂತರ ಬೇಕು, ನಿಮ್ಮಷ್ಟು ಪ್ರಮಾಣವಿದ್ದರೆ ನಾನು ಒಂದು ವಾರ ಬಿಡಿಸುತ್ತೇನೆ. ಆಮೇಲೆ ಮೊದಲು ಮಾಡಿಸಿದ ಲ್ಯಾಬಿನಲ್ಲೇ, ಅದೇ ಬೆಳಗಿನ ಹೊತ್ತಿನಲ್ಲಿ ರಕ್ತ ಕೊಡಿ. ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನಕ್ಕೆ ಇಳಿಯುತ್ತದೆ. ಟಿಎಸ್‌ಎಚ್, ಫ್ರೀ ಟಿ4 ಸಾಕು. ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯೇ ಎಂದು ತೋರಿಸುವ ಟಿಪಿಒ ಆಂಟಿಬಾಡಿ ಒಮ್ಮೆ ನೋಡಿಸಿದರೆ ಮುಂದೆ ಕಾಯಿಲೆ ಬೆಳೆಯುವ ಸಂಭವ ತಿಳಿಯುತ್ತದೆ, ಪ್ರತಿಸಲ ಅದಕ್ಕೆ ದುಡ್ಡು ಸುರಿಯಬೇಡಿ. ಎದೆ ಹೊಡೆದುಕೊಳ್ಳುವುದು, ಕೈ ನಡುಕ, ತೂಕ ಇಳಿಯುವುದು ಶುರುವಾದರೆ ವಾರ ಕಾಯದೆ ವೈದ್ಯರ ಬಳಿ ಹೋಗಿ. ಮತ್ತೆ, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು) ನೋಡಿಸಿದ್ದೀರಾ? ಈ ವಯಸ್ಸಿನ ಹೆಂಗಸರ ಸುಸ್ತಿಗೂ ಕೂದಲಿಗೂ ಕಬ್ಬಿಣದ ಕೊರತೆಯೇ ಕಾರಣವಾಗಿರುವುದುಂಟು.

ಪ್ರಶ್ನೆ: ಅಮ್ಮನಿಗೆ ಥೈರಾಕ್ಸಿನ್ ಶುರುಮಾಡಿ ಹತ್ತು ದಿನವಾಯಿತು. ಟಿಎಸ್‌ಎಚ್ ಇಳಿದೇ ಇಲ್ಲ. ಡೋಸ್ ಸಾಲದೇ?
– ಓದುಗರು, ಹಾಸನ

ಉತ್ತರ: ಹತ್ತು ದಿನಕ್ಕೆ ಏನೂ ತಿಳಿಯುವುದಿಲ್ಲ. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಅಷ್ಟು ನಿಧಾನದ್ದು. ಆರರಿಂದ ಎಂಟು ವಾರ ಬಿಟ್ಟು ನೋಡಿಸಿ, ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ಕೊಡಿ. ಅಮ್ಮ ಮಾತ್ರೆಯನ್ನು ಕಾಫಿಯ ಜೊತೆ ನುಂಗುತ್ತಾರೆಯೇ ಎಂದು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ.