ಮೀಟಿಂಗ್ ಮುಗಿಯುವಷ್ಟರಲ್ಲಿ ನೆಲ ಒದ್ದೆ

ಪ್ರಶ್ನೆ: ನಮ್ಮ ಮನೆಗೆ ಎರಡೂವರೆ ತಿಂಗಳ ನಾಯಿಮರಿ ಬಂದಿದೆ. ದೊಡ್ಡದಾದ ಮೇಲೂ ಐದು ಕಿಲೋ ದಾಟದ ಪುಟ್ಟ ಜಾತಿ. ನಾನು ಮನೆಯಿಂದಲೇ ಕೆಲಸ ಮಾಡುವುದರಿಂದ ಎಲ್ಲಿ ಒಂದಕ್ಕೆ, ಎರಡಕ್ಕೆ ಹೋಗಬೇಕು ಅಂತ ಕಲಿಸುವುದು ಸುಲಭ ಅಂದುಕೊಂಡಿದ್ದೆ. ಆಗುತ್ತಿರುವುದೇ ಬೇರೆ. ಹೊರಗೆ ಕರೆದುಕೊಂಡು ಹೋದರೆ ಎಲೆ ಮೂಸುತ್ತದೆ, ಇರುವೆ ನೋಡುತ್ತದೆ, ಏನೂ ಮಾಡುವುದಿಲ್ಲ. ಒಳಗೆ ಬಂದು ನಾನು ಮೀಟಿಂಗಿಗೆ ಕೂತ ಕೂಡಲೇ ಕಾರ್ಪೆಟ್ ಮೇಲೆ ಉಚ್ಚೆ. ಬಯ್ದ ಮೇಲೆ ಈಗ ಸೋಫಾ ಹಿಂದೆ ಹೋಗಿ ಮಾಡುತ್ತದೆ. ನನ್ನನ್ನು ನೋಡಿ ತಪ್ಪು ಮಾಡಿದ ಮುಖ ಬೇರೆ ಮಾಡುತ್ತದೆ. ಮೂಗನ್ನು ಅದಕ್ಕೇ ಉಜ್ಜಿ, ಬುದ್ಧಿ ಬರುತ್ತೆ ಅಂತ ಮನೆಯ ಹಿರಿಯರು ಹೇಳುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮನಸ್ಸು ಬರುತ್ತಿಲ್ಲ ಅಂದಿರಲ್ಲ, ಆ ಮನಸ್ಸಿನ ಮಾತೇ ಕೇಳಿ. ಮೂಗು ಉಜ್ಜುವುದು ಬೇಡವೇ ಬೇಡ. ಹಿರಿಯರು ಕೆಟ್ಟದ್ದು ಎಣಿಸಿ ಹೇಳಿಲ್ಲ. ಹಿಂದೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಹತ್ತು ನಿಮಿಷದ ಹಿಂದೆ ತಾನು ಮಾಡಿದ್ದಕ್ಕೂ ಈಗ ನೀವು ಕುತ್ತಿಗೆ ಹಿಡಿದದ್ದಕ್ಕೂ ಏನು ಸಂಬಂಧ ಅಂತ ಮರಿಗೆ ಹೊಳೆಯುವುದಿಲ್ಲ. ಮಾಡುತ್ತಿರುವಾಗಲೇ ಹಿಡಿದು ಬಯ್ದರೂ ಅದು ಕಲಿಯುವುದು ‘ಕಾರ್ಪೆಟ್ ಮೇಲೆ ಮಾಡಬಾರದು’ ಅಂತ ಅಲ್ಲ, ‘ಇವರ ಎದುರಿಗೆ ಮಾಡಬಾರದು’ ಅಂತ. ಸೋಫಾ ಹಿಂದೆ ಹೋಗುತ್ತಿರುವುದು ಅದಕ್ಕೇ. ಹೊರಗೆ ನೀವು ಪಕ್ಕದಲ್ಲಿ ನಿಂತಾಗ ಅದು ಮಾಡದೆ ಇರುವುದಕ್ಕೂ ಈ ಹೆದರಿಕೆ ಒಂದು ಕಾರಣ ಇರಬಹುದು. ಇವತ್ತಿನಿಂದ ಬಯ್ಯುವುದನ್ನು ಪೂರ್ತಿ ನಿಲ್ಲಿಸಿ.

ಇನ್ನು ಆ ತಪ್ಪು ಮಾಡಿದ ಮುಖ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಈ ಮುಖದ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಯ ಮುಂದೆ ತಿಂಡಿ ಇಟ್ಟು, ತಿನ್ನಬೇಡ ಅಂತ ಹೇಳಿ, ಸಾಕಿದವರು ಹೊರಗೆ ಹೋಗುತ್ತಿದ್ದರು. ಅವರು ವಾಪಸ್ ಬಂದಾಗ, ನಾಯಿ ತಿಂಡಿ ತಿಂದಿತೋ ಇಲ್ಲವೋ ಅಂತ ಅಧ್ಯಯನ ನಡೆಸುವವರು ಕೆಲವರಿಗೆ ನಿಜ ಹೇಳುತ್ತಿದ್ದರು, ಕೆಲವರಿಗೆ ಸುಳ್ಳು ಹೇಳುತ್ತಿದ್ದರು. ನಾಯಿ ತಿಂದಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಬಯ್ದಾಗ ಆ ಮುಖ ಬರುತ್ತಿತ್ತು, ಅಷ್ಟೇ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಜಾಸ್ತಿ ಕಂಡಿತು. ನಿಮ್ಮ ಮರಿಗೂ ಅಷ್ಟೇ, ನಿಮ್ಮ ಕೋಪ ಕಾಣುತ್ತಿದೆ, ಒದ್ದೆ ಕಾರ್ಪೆಟ್ ಅದರ ಲೆಕ್ಕಕ್ಕೇ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಮನೆಯಿಂದಲೇ ಕೆಲಸ’ ಅನ್ನುವ ಮಾತು. ನಾನೂ ಮನೆಯಲ್ಲೇ ಕೂತು ಪ್ರೂಫ್ ತಿದ್ದುವವಳು. ದಿಕ್ಕಿಲ್ಲದ ಮರಿಗಳನ್ನು ತಂದಿಟ್ಟುಕೊಂಡು, ಒಂದು ಹದಕ್ಕೆ ತಂದು, ಒಳ್ಳೆಯ ಮನೆ ನೋಡಿ ಕೊಡುತ್ತೇನೆ. ಇದನ್ನು ಬರೆಯುವಾಗಲೂ ಕಂದು ಬಣ್ಣದ ಹೆಣ್ಣುಮರಿಯೊಂದು ಮೇಜಿನ ಪಕ್ಕದ ಕ್ರೇಟಿನಲ್ಲಿ, ಅಂದರೆ ಮರಿ ಮಲಗುವ ಪುಟ್ಟ ಗೂಡಿನಲ್ಲಿ, ನಿದ್ದೆ ಮಾಡುತ್ತಿದೆ. ಅದು ಕಣ್ಣು ಬಿಟ್ಟರೆ ಈ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಅನುಭವದಿಂದಲೇ ಹೇಳುತ್ತೇನೆ: ಮನೆಯಲ್ಲಿದ್ದೇವೆ ಅಂದಮಾತ್ರಕ್ಕೆ ಮರಿಯನ್ನು ನೋಡಿಕೊಳ್ಳುತ್ತಿದ್ದೇವೆ ಅಂತ ಆಗುವುದಿಲ್ಲ. ಕಣ್ಣು ಸ್ಕ್ರೀನ್ ಮೇಲೆ, ಕಿವಿಯಲ್ಲಿ ಹೆಡ್‌ಫೋನ್. ಮರಿ ಆಟ ಬಿಟ್ಟು ಮೂಲೆಗೆ ಹೋಗಿದ್ದು ಕಾಣುವುದಿಲ್ಲ, ಕುಂಯ್ ಅಂದಿದ್ದು ಕೇಳುವುದಿಲ್ಲ. ಆಫೀಸಿಗೆ ಹೋಗುವವರು ಮರಿಗೆ ಒಂದು ಜಾಗ ಮಾಡಿಟ್ಟಾದರೂ ಹೋಗುತ್ತಾರೆ. ನಾವು ‘ಇಲ್ಲೇ ಇದ್ದೀನಲ್ಲ’ ಅಂತ ಇಡೀ ಮನೆಯಲ್ಲಿ ಸುಮ್ನೆ ಬಿಟ್ಟುಬಿಡುತ್ತೇವೆ.

ಮರಿಯ ಹೊಟ್ಟೆಯ ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಸಲೀಸು. ಎಷ್ಟು ತಿಂಗಳ ಮರಿಯೋ ಹೆಚ್ಚೂಕಡಿಮೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇದು ಮಲಗಿರುವಾಗ, ಸುಮ್ಮನಿರುವಾಗ ಹೊಂದುವ ಲೆಕ್ಕ. ಎದ್ದು ಓಡಾಡುತ್ತಿರುವ ಮರಿಗೆ, ಅದರಲ್ಲೂ ನಿಮ್ಮದರಂಥ ಪುಟ್ಟ ಜಾತಿಯ ಮರಿಗೆ, ಮುಕ್ಕಾಲು ಗಂಟೆಯೂ ಜಾಸ್ತಿಯೇ. ಅದರ ಮೂತ್ರಚೀಲವೇ ಅಷ್ಟು ಚಿಕ್ಕದು. ನಿದ್ದೆಯಿಂದ ಎದ್ದ ಕೂಡಲೇ ಹೋಗಬೇಕು. ಆಟ ಜೋರಾದಾಗ, ಆಟ ಮುಗಿದಾಗ ಹೋಗಬೇಕು. ಊಟ ಹೊಟ್ಟೆಗೆ ಬಿದ್ದರೆ ಕರುಳು ಚುರುಕಾಗುತ್ತದೆ, ಹಾಗಾಗಿ ತಿಂದ 5ರಿಂದ 30 ನಿಮಿಷದೊಳಗೆ ಎರಡಕ್ಕೆ ಹೋಗುವುದೂ ಇದೆ. ಇದಕ್ಕೆ ತಕ್ಕಂತೆ ನಿಮ್ಮ ದಿನವನ್ನು ಜೋಡಿಸಿಕೊಳ್ಳಿ. ಹತ್ತು ಗಂಟೆಗೆ ಮೀಟಿಂಗ್ ಇದೆ ಅಂದರೆ ಒಂಬತ್ತೂ ಐವತ್ತಕ್ಕೆ ಊಟ ಹಾಕಬೇಡಿ. ಒಂಬತ್ತಕ್ಕೆ ಊಟ, ಆಮೇಲೆ ಹೊರಗೆ, ಒಂದಷ್ಟು ಆಟ, ಇನ್ನೊಮ್ಮೆ ಹೊರಗೆ, ಆಮೇಲೆ ನಿದ್ದೆ. ಈ ವಯಸ್ಸಿನ ಮರಿಗಳು ದಿನಕ್ಕೆ ಹದಿನೆಂಟು ಗಂಟೆವರೆಗೂ ಮಲಗುತ್ತವೆ. ಮೀಟಿಂಗನ್ನು ಆ ನಿದ್ದೆಯ ಹೊತ್ತಿಗೆ ತಂದು ಕೂರಿಸುವುದೇ ಜಾಣತನ. ಹಾಗಂತ ಉಚ್ಚೆ ಕಡಿಮೆಯಾಗಲಿ ಅಂತ ಹಗಲು ನೀರು ತೆಗೆದಿಡಬೇಡಿ, ಊಟ ತಪ್ಪಿಸಬೇಡಿ. ತೀರಾ ಪುಟ್ಟ ಮರಿಗಳಿಗೆ ಹಸಿವಾದರೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಅದು ಪ್ರಾಣಕ್ಕೇ ಅಪಾಯ.

ಕಾರ್ಪೆಟನ್ನು ಸುತ್ತಿ ಎತ್ತಿಡಿ. ಕೆಲವು ತಿಂಗಳು ಅದು ಬೇಡ. ಮರಿಯ ಪಾದಕ್ಕೆ ಮೆತ್ತಗೆ ಸಿಗುವುದು, ಒದ್ದೆಯನ್ನು ಹೀರಿಕೊಳ್ಳುವುದು ಎರಡೂ ಅದಕ್ಕೆ ಇಷ್ಟ. ಹುಲ್ಲು ಹೇಗೋ ಕಾರ್ಪೆಟೂ ಹಾಗೇ ಅನಿಸುತ್ತದೆ.

ಎಚ್ಚರ ಇರುವ ಹೊತ್ತಿನಲ್ಲಿ ಮರಿ ಒಂದೋ ನಿಮ್ಮ ಕಣ್ಣೆದುರು ಇರಬೇಕು, ಇಲ್ಲವೇ ತನ್ನ ಜಾಗದಲ್ಲಿ ಇರಬೇಕು, ಇಲ್ಲವೇ ಹೊರಗೆ ಇರಬೇಕು. ತನ್ನ ಜಾಗ ಅಂದರೆ ಕ್ರೇಟ್, ಅಥವಾ ಬೇಲಿ ಹಾಕಿದ ಒಂದು ಮೂಲೆ. ಕ್ರೇಟು ಮರಿ ನಿಂತು, ತಿರುಗಿ, ಕೈಕಾಲು ಚಾಚಿ ಮಲಗುವಷ್ಟು ಇದ್ದರೆ ಸಾಕು. ತುಂಬ ದೊಡ್ಡದಾದರೆ ಒಂದು ತುದಿಯಲ್ಲಿ ಉಚ್ಚೆ ಮಾಡಿ ಇನ್ನೊಂದು ತುದಿಯಲ್ಲಿ ಮಲಗಲು ಜಾಗ ಸಿಗುತ್ತದೆ. ಮಲಗುವ ಜಾಗವನ್ನು ಒದ್ದೆ ಮಾಡಬಾರದು ಅನ್ನುವುದು ಮರಿಗೆ ತಾಯಿಯ ಹತ್ತಿರ ಇದ್ದಾಗಲೇ ಬಂದಿರುತ್ತದೆ. ಆ ಗುಣವನ್ನು ಕೆಡಿಸದೆ ಕಾಪಾಡುವುದು ನಮ್ಮ ಕೈಯಲ್ಲಿದೆ. ಅದು ತಡೆದುಕೊಳ್ಳಲಾಗದಷ್ಟು ಹೊತ್ತು ಕೂಡಿ ಹಾಕಿದರೆ ಆ ಗುಣವೇ ಹೋಗಿಬಿಡುತ್ತದೆ. ಆಮೇಲೆ ಕಲಿಸುವುದು ಬಲು ಕಷ್ಟ.

ಲೀಶನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಲಸ ಮಾಡುವವರಿದ್ದಾರೆ. ಒಳ್ಳೆಯ ಉಪಾಯವೇ. ಆದರೆ ಕುರ್ಚಿಗೆ ಚಕ್ರ ಇದ್ದರೆ ದಯವಿಟ್ಟು ಬೇಡ. ಕಾಲ ಬುಡದಲ್ಲಿ ಮಲಗಿದ ಪುಟ್ಟ ಮರಿಯ ಬೆರಳಿನ ಮೇಲೆ, ಬಾಲದ ಮೇಲೆ ಚಕ್ರ ಹತ್ತಿದರೆ ಏನಾಗುತ್ತದೆ ಅಂತ ಯೋಚಿಸಿ. ಚಕ್ರವಿಲ್ಲದ ಕುರ್ಚಿ ಹಾಕಿಕೊಳ್ಳಿ. ಹೆಡ್‌ಫೋನ್ ಒಂದೇ ಕಿವಿಗೆ ಇರಲಿ. ನೆಲ ಮೂಸುತ್ತಾ ಸುತ್ತುವುದು, ಆಡುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಲ್ಲಿಸುವುದು, ಬಾಗಿಲ ಕಡೆಗೋ ಹಿಂದೆ ಮಾಡಿದ ಜಾಗದ ಕಡೆಗೋ ನಡೆಯುವುದು, ಇವು ಕಂಡರೆ ಮಾತು ಅರ್ಧಕ್ಕೆ ಬಿಟ್ಟಾದರೂ ಏಳಿ. ‘ಎರಡು ನಿಮಿಷ ಬಂದೆ’ ಅಂತ ಹೇಳಿ ಹೋದರೆ ಯಾವ ಮೀಟಿಂಗೂ ಮುಳುಗುವುದಿಲ್ಲ. ಏಳಲು ಸಾಧ್ಯವೇ ಇಲ್ಲದ ಮೀಟಿಂಗ್ ಇದ್ದರೆ, ಮೊದಲು ಹೊರಗೆ ಹೋಗಿ ಬಂದು ಮರಿಯನ್ನು ಅದರ ಜಾಗದಲ್ಲಿ ಬಿಡಿ, ಕಚ್ಚಲು ಒಂದು ಆಟಿಕೆ ಕೊಡಿ.

ಹೊರಗೆ ಹೋದಾಗ ಆಡಿಕೊಂಡೇ ಬರುತ್ತದೆ ಅಂದಿರಿ. ನೀವು ನಡೆಯುತ್ತಾ ಇದ್ದರೆ ಅದಕ್ಕೆ ಅದು ಸುತ್ತಾಟ. ದಿನಾ ಅದೇ ಬಾಗಿಲಿನಿಂದ ಅದೇ ಜಾಗಕ್ಕೆ ಹೋಗಿ. ಲಸಿಕೆ ಪೂರ್ತಿ ಆಗುವ ತನಕ ಅದು ಬೇರೆ ನಾಯಿಗಳು ಓಡಾಡದ ಜಾಗವಾಗಿರಲಿ. ಲೀಶ್ ಹಿಡಿದು ಒಂದೇ ಕಡೆ ಮರದ ಹಾಗೆ ನಿಂತುಬಿಡಿ. ಮಾತಾಡಬೇಡಿ, ಫೋನ್ ನೋಡಬೇಡಿ. ಐದು ನಿಮಿಷದಲ್ಲಿ ಆ ಪುಟ್ಟ ಜಾಗವನ್ನೆಲ್ಲ ಮೂಸಿ ಅದಕ್ಕೆ ಬೇಜಾರಾಗುತ್ತದೆ, ಆಗ ಕೆಲಸ ನೆನಪಾಗುತ್ತದೆ. ಆದರೂ ಮಾಡಲಿಲ್ಲವಾ, ಒಳಗೆ ತನ್ನಿ. ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೆ ಇಟ್ಟುಕೊಳ್ಳಿ ಅಥವಾ ಕ್ರೇಟಿನಲ್ಲಿ ಬಿಡಿ. ಹತ್ತು ಹದಿನೈದು ನಿಮಿಷಕ್ಕೆ ಮತ್ತೆ ಹೊರಗೆ. ನಿಮ್ಮ ಮನೆಯಲ್ಲಿ ಕೆಡುತ್ತಿರುವುದು ಈ ಹದಿನೈದು ನಿಮಿಷವೇ. ಹೊರಗಿನಿಂದ ಬಂದ ಕೂಡಲೇ ನೀವು ಮೀಟಿಂಗಿಗೆ, ಮರಿ ಕಾರ್ಪೆಟ್ಟಿಗೆ.

ಮಾಡಿ ಮುಗಿಸಿದ ಆ ಕ್ಷಣದಲ್ಲೇ ಬಾಯಿಗೆ ತಿಂಡಿಯ ಚೂರು ಹೋಗಬೇಕು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆ. ತಿಂಡಿ ಜೇಬಿನಲ್ಲೇ ಇರಲಿ. ಅರ್ಧದಲ್ಲಿ ‘ಭೇಷ್’ ಅಂತ ಕೂಗಿದರೆ ಅಲ್ಲಿಗೇ ನಿಲ್ಲಿಸಿ ಓಡಿ ಬರುತ್ತದೆ, ಉಳಿದದ್ದು ಮನೆಯೊಳಗೆ ಬೀಳುತ್ತದೆ. ಪೂರ್ತಿ ಮುಗಿಯಲಿ. ಆಮೇಲೆ ಒಂದೆರಡು ನಿಮಿಷ ಅಲ್ಲೇ ಆಡಿಸಿ. ಉಚ್ಚೆ ಆದ ಕೂಡಲೇ ಒಳಗೆ ಎಳೆದು ತಂದರೆ, ಮಾಡಿದರೆ ಆಟ ಮುಗಿಯುತ್ತದೆ ಅಂತ ಕಲಿತು ತಡೆದುಕೊಳ್ಳಲು ಶುರು ಮಾಡುತ್ತದೆ.

ಒಳಗೆ ಮಾಡುತ್ತಿರುವುದು ಕಣ್ಣಿಗೆ ಬಿದ್ದರೆ ಕಿರುಚದೆ ಎತ್ತಿಕೊಂಡು ಹೊರಗೆ ಹೋಗಿ. ಆಗಿಹೋಗಿದ್ದರೆ ಒರೆಸಿ, ಅಷ್ಟೇ. ಆದರೆ ಒರೆಸುವುದಕ್ಕೂ ಒಂದು ರೀತಿ ಇದೆ. ನಮ್ಮ ಮೂಗಿಗೆ ವಾಸನೆ ಹೋಗಿದೆ ಅನಿಸಿದರೂ ಮರಿಯ ಮೂಗಿಗೆ ಇರುತ್ತದೆ, ಅದು ಮತ್ತೆ ಅಲ್ಲಿಗೇ ಬರುತ್ತದೆ. ಮೂತ್ರದ ಕಲೆಗೇ ಅಂತ ಸಿಗುವ ಎಂಜೈಮ್ ಇರುವ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಮೂತ್ರದ ವಾಸನೆಗೇ ಹತ್ತಿರ. ಫೀನಾಲ್ ಇರುವುದೂ ಬೇಡ. ಅದು ನಾಯಿಗೆ ವಿಷ, ಮರಿ ಅದೇ ನೆಲವನ್ನು ನೆಕ್ಕುತ್ತದೆ.

ರಾತ್ರಿ ಎದ್ದು ಕುಂಯ್ಗುಟ್ಟಿದರೆ ದೀಪ, ಮಾತು, ಆಟ ಏನೂ ಇಲ್ಲದೆ ಹೊರಗೆ ಕರೆದುಕೊಂಡು ಹೋಗಿ ಬಂದು ಮಲಗಿಸಿ.

ಪ್ರಶ್ನೆ: ನಾವು ಎತ್ತರದ ಮಹಡಿಯಲ್ಲಿದ್ದೇವೆ. ಮರಿಗೆ ಲಸಿಕೆ ಪೂರ್ತಿ ಆಗಿಲ್ಲ. ನೆಲಕ್ಕೆ ಹಾಸುವ, ಉಚ್ಚೆ ಹೀರಿಕೊಳ್ಳುವ ಪ್ಯಾಡ್ ಮೇಲೆ ಕಲಿಸಿದರೆ ಆಮೇಲೆ ಹೊರಗೆ ಹೋಗುವುದೇ ಇಲ್ಲ ಅಂತ ಕೆಲವರು ಹೆದರಿಸುತ್ತಾರೆ. ನಿಜವಾ?

ಉತ್ತರ: ಸ್ವಲ್ಪ ನಿಜ. ಎಂಟು ಒಂಬತ್ತು ವಾರದ ಹೊತ್ತಿಗೆ ಯಾವ ನೆಲದ ಮೇಲೆ ಮಾಡಬೇಕು ಅನ್ನುವ ರೂಢಿ ಮರಿಗೆ ಗಟ್ಟಿಯಾಗತೊಡಗುತ್ತದೆ. ಪ್ಯಾಡಿಗೆ ಒಗ್ಗಿದ ಮರಿಗೆ ಕಾಲೊರಸು, ಹಾಸಿಗೆ, ಕೆಳಗೆ ಬಿದ್ದ ಟವೆಲ್ ಎಲ್ಲ ಪ್ಯಾಡಿನ ಹಾಗೇ ಕಾಣಬಹುದು. ಆದರೆ ಲಸಿಕೆ ಮುಗಿಯದ ಮರಿಯನ್ನು ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಬಿಡುವುದು ಅದಕ್ಕಿಂತ ದೊಡ್ಡ ಅಪಾಯ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಪುಟ್ಟ ಮರಿಗಳನ್ನು ಕೆಲವೇ ದಿನದಲ್ಲಿ ಕೊಲ್ಲುತ್ತದೆ. ಲಸಿಕೆಯ ಸರಣಿ ಸಾಮಾನ್ಯವಾಗಿ 16 ವಾರ ತುಂಬುವವರೆಗೂ ನಡೆಯುತ್ತದೆ. ಯಾವಾಗಿನಿಂದ ಕೆಳಗೆ ಬಿಡಬಹುದು ಅನ್ನುವುದನ್ನು ನಿಮ್ಮ ಪಶುವೈದ್ಯರನ್ನೇ ಕೇಳಿ.

ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಅಗಲದ ಟ್ರೇ ಇಟ್ಟು ಹುಲ್ಲಿನ ತುಂಡು ಹಾಸಿ. ನಿಜವಾದ ಹುಲ್ಲಾದರೆ ಒಳ್ಳೆಯದು, ಪ್ಲಾಸ್ಟಿಕ್ಕಿನದಾದರೆ ದಿನಾ ತೊಳೆಯಬೇಕು. ಕಾಲಿಗೆ ಹುಲ್ಲಿನ ರೂಢಿ ಆದರೆ ಆಮೇಲೆ ಕೆಳಗಿನ ಹುಲ್ಲಿಗೆ ಹೋಗುವುದು ಸುಲಭ. ಬಾಲ್ಕನಿಯ ಕಂಬಿಗಳ ನಡುವೆ ಪುಟ್ಟ ಮರಿ ನುಸುಳಿಬಿಡುತ್ತದೆ. ಮೊದಲು ಜಾಲರಿ ಕಟ್ಟಿ, ಆಮೇಲೆ ಟ್ರೇ ಇಡಿ. ಪ್ಯಾಡೇ ಬೇಕು ಅಂದರೆ ಒಂದೇ ಜಾಗದಲ್ಲಿ ಇಡಿ, ಊಟದ ಬಟ್ಟಲಿನಿಂದ ದೂರ ಇಡಿ. ಮನೆ ತುಂಬ ಹಾಸಿದರೆ ಮನೆ ತುಂಬ ಮಾಡಬಹುದು ಅಂತಲೇ ಅದು ತಿಳಿಯುತ್ತದೆ. ಹೊರಗೆ ಹೋಗುವ ದಿನ ಬಂದಾಗ ಬಳಸಿದ ಪ್ಯಾಡಿನ ಒಂದು ಚೂರನ್ನು ಹೊರಗಿನ ಜಾಗದಲ್ಲಿಟ್ಟು ತೋರಿಸಿ. ತನ್ನ ವಾಸನೆ ಸಿಕ್ಕರೆ ಧೈರ್ಯ ಬರುತ್ತದೆ.

ಪ್ರಶ್ನೆ: ಏಳು ತಿಂಗಳ ಮರಿ. ಚೆನ್ನಾಗಿ ಕಲಿತಿತ್ತು. ಈಗ ಯಾರಾದರೂ ಬಾಗಿಲಿಗೆ ಬಂದರೆ ಕುಣಿಯುತ್ತಾ ಅಲ್ಲೇ ನಾಲ್ಕು ಹನಿ ಬಿಡುತ್ತದೆ. ಮೊನ್ನೆಯಿಂದ ಮಲಗಿದ ಜಾಗವೂ ಒದ್ದೆ. ಹಟಕ್ಕೆ ಮಾಡುತ್ತಿದೆಯಾ?

ಉತ್ತರ: ಹಟ ಅಲ್ಲ. ನೀವು ಹೇಳಿದ ಎರಡೂ ಬೇರೆ ಬೇರೆ ವಿಷಯ. ಬಾಗಿಲಲ್ಲಿ ಬೀಳುವ ಹನಿ ಸಂತೋಷ ತಡೆಯಲಾಗದೆ ಬರುವುದು. ಅದು ಮರಿಯ ಹಿಡಿತದಲ್ಲಿಲ್ಲ. ಬಯ್ದರೆ ಜಾಸ್ತಿಯಾಗುತ್ತದೆ. ಬರುವವರಿಗೆ ಮೊದಲೇ ಹೇಳಿಡಿ: ಒಳಗೆ ಬಂದ ಮೇಲೆ ಮರಿ ಶಾಂತವಾಗುವ ತನಕ ಅದರ ಕಡೆ ನೋಡುವುದು ಬೇಡ, ಮೇಲಿನಿಂದ ಬಗ್ಗಿ ತಲೆ ಮುಟ್ಟುವುದು ಬೇಡ. ಆಮೇಲೆ ಪಕ್ಕದಲ್ಲಿ ಕೂತು ಎದೆಯನ್ನು ಸವರಲಿ. ಬಹಳಷ್ಟು ಮರಿಗಳಿಗೆ ಒಂದು ವರ್ಷ ಆಗುವಷ್ಟರಲ್ಲಿ ಇದು ತಾನಾಗೇ ಕಡಿಮೆಯಾಗುತ್ತದೆ.

ಮಲಗಿದ ಜಾಗ ಒದ್ದೆಯಾಗಿದ್ದು ಮಾತ್ರ ನನಗೆ ಚಿಂತೆ ತಂದಿದೆ. ಕಲಿತ ಮರಿ ಇದ್ದಕ್ಕಿದ್ದಂತೆ ತಪ್ಪಿದರೆ ಕಲಿಸುವುದನ್ನು ಮತ್ತೆ ಶುರು ಮಾಡುವ ಮೊದಲು ಆಸ್ಪತ್ರೆಗೆ ಹೋಗಬೇಕು. ಮೂತ್ರದ ಸೋಂಕು ಇರಬಹುದು, ಹೆಣ್ಣುಮರಿಗಳಲ್ಲಿ ಅದು ಜಾಸ್ತಿ. ಪದೇ ಪದೇ ಕೂತು ಹನಿ ಹನಿ ಮಾಡುವುದು, ತಿಣುಕುವುದು, ಆ ಜಾಗವನ್ನೇ ನೆಕ್ಕುವುದು, ಮೂತ್ರ ಕೆಂಪಾಗಿರುವುದು, ನೀರು ಎಂದಿಗಿಂತ ಜಾಸ್ತಿ ಕುಡಿಯುವುದು, ಇವುಗಳಲ್ಲಿ ಏನಾದರೂ ಇದೆಯಾ ನೋಡಿ ಬರೆದಿಟ್ಟುಕೊಳ್ಳಿ. ಬೆಳಗಿನ ಮೊದಲ ಮೂತ್ರವನ್ನು ಶುಭ್ರವಾದ ಡಬ್ಬಿಯಲ್ಲಿ ಹಿಡಿದು ಬೇಗ ತೆಗೆದುಕೊಂಡು ಹೋದರೆ ಪರೀಕ್ಷೆಗೆ ಅನುಕೂಲ. ತಿಣುಕಿದರೂ ಒಂದು ಹನಿಯೂ ಬರುತ್ತಿಲ್ಲ ಅಂದರೆ ಬೆಳಗಾಗುವುದನ್ನು ಕಾಯಬೇಡಿ, ಆ ಕ್ಷಣವೇ ಹೊರಡಿ.